ಮಾಸ್ಟರ್ ಹಿರಣ್ಣಯ್ಯನವರ ಹಾಸ್ಯ: ನಾಟಕವೋ, ಭಾಷಣವೋ?

ಮಾಸ್ಟರ್ ಹಿರಣ್ಣಯ್ಯನವರ ವಿಚಾರವಾಗಿ ವಿದ್ವಾಂಸರ ಗೋಷ್ಠಿಯಲ್ಲಿ ಮಾತು ಬಂದಾಗಲೆಲ್ಲ ಒಂದು ಆಕ್ಷೇಪವು ತಪ್ಪದೆ ಕೇಳಿಬರುತ್ತದೆ. ಅವರು ಆಡುತ್ತಿದ್ದುದು ನಾಟಕವಲ್ಲ, ಭಾಷಣ ಎಂಬುದೇ ಆ ಆಕ್ಷೇಪ. ಕಥೆಗೆ ಬಂಧವಿಲ್ಲ, ಸಂಧಿಗಳಿಲ್ಲ, ಪಾತ್ರಗಳಿಗೆ ಬೆಳವಣಿಗೆಯಿಲ್ಲ. ನಾಯಕನು ಬಂದು ರಂಗದ ಅಂಚಿನಲ್ಲಿ ನಿಂತು ಅಂದಿನ ವರ್ತಮಾನವನ್ನೆಲ್ಲ ಹಳಿದು ಒಳಕ್ಕೆ ಹೋಗುತ್ತಾನೆ. ಇದನ್ನು ರೂಪಕವೆಂದು ಕರೆಯುವುದಾದರೆ ಚುನಾವಣೆಯ ಸಭೆಯನ್ನೂ ಹಾಗೆಯೇ ಕರೆಯಬಹುದು ಎಂದು ಇವರು ಹೇಳುವರು. ಇದಕ್ಕೆ ಪ್ರತಿಯಾಗಿ ಅವರ ನಾಟಕಗಳನ್ನು ನೋಡಿ ನಕ್ಕವರು, ಲಕ್ಷಾಂತರ ಜನರನ್ನು ಆರು ದಶಕಗಳ ಕಾಲ ಹಿಡಿದು ಕೂರಿಸಿದ್ದು ಕಲೆಯಲ್ಲವಾದರೆ ಮತ್ತೇನು ಎಂದು ಕೇಳುವರು. ಒಬ್ಬರು ಲಕ್ಷಣವನ್ನು ಹಿಡಿದು ಲಕ್ಷ್ಯವನ್ನು ಬಿಡುತ್ತಾರೆ. ಇನ್ನೊಬ್ಬರು ಜನಸಂಖ್ಯೆಯನ್ನೇ ಪ್ರಮಾಣವಾಗಿ ಮಾಡಿಕೊಳ್ಳುತ್ತಾರೆ. 2019ನೆಯ ಮೇ 2ರಂದು ಹಿರಣ್ಣಯ್ಯನವರು ಕಾಲವಾದ ಮೇಲೆ ಬಂದ ಲೇಖನಗಳಲ್ಲಿ ಶೋಕವಿತ್ತು, ಪ್ರಶಂಸೆಯಿತ್ತು; ಈ ವಿವಾದದ ವಿಮರ್ಶೆ ಮಾತ್ರ ಅಷ್ಟಾಗಿ ಇರಲಿಲ್ಲ. ಶೋಕದ ಕಾಲ ಕಳೆದಿರುವುದರಿಂದ ಈಗ ಅದನ್ನು ಮಾಡಲು ಅಡ್ಡಿಯಿಲ್ಲ.

ಹಿರಣ್ಣಯ್ಯನವರು 1934ನೆಯ ಫೆಬ್ರವರಿ 15ರಂದು ಮೈಸೂರಿನಲ್ಲಿ ಜನಿಸಿದರು. ಮನೆಯವರು ಇಟ್ಟ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯನವರು ನಟರು, ನಾಟಕಕಾರರು, ಒಂದು ನಾಟಕ ಮಂಡಲಿಯ ಯಜಮಾನರು. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು 1943ರಲ್ಲಿ ಹೊರತಂದ ‘ವಾಣಿ’ ಎಂಬ ಚಲಚ್ಚಿತ್ರವನ್ನು ನಿರ್ದೇಶಿಸಿದವರೂ ಅವರೇ. 1953ರಲ್ಲಿ ತಂದೆ ತೀರಿಕೊಂಡರು. ಇಪ್ಪತ್ತು ತುಂಬದ ಮಗನಿಗೆ ಪಿತ್ರಾರ್ಜಿತವಾಗಿ ದೊರೆತದ್ದು ಕೆಲವು ನಾಟಕಗಳು ಮತ್ತು ಒಂದು ಹೆಸರು. ಕಂಪನಿಯ ರಂಗದ ಮೇಲೆ ಬಾಲನಟರಿಗೆ ‘ಮಾಸ್ಟರ್’ ಎಂಬ ಉಪಪದವನ್ನು ಹಚ್ಚುವುದು ಆಗಿನ ವಾಡಿಕೆ. ಉಳಿದವರಿಗೆ ಮೀಸೆ ಬಂದೊಡನೆ ಅದು ಕಳಚಿಹೋಗುತ್ತಿತ್ತು. ಇವರಿಗೆ ಮಾತ್ರ ಎಂಬತ್ತೈದರವರೆಗೂ ಅಂಟಿಕೊಂಡೇ ಇದ್ದಿತು. ತಂದೆಯ ಹೆಸರಿನಲ್ಲಿಯೇ ‘ಕೆ. ಹಿರಣ್ಣಯ್ಯ ಮಿತ್ರ ಮಂಡಲಿ’ಯನ್ನು ಅವರು ನಡೆಸಿದರು. ‘ದೇವದಾಸಿ’, ‘ಮಕ್ಮಲ್ ಟೋಪಿ’, ‘ನಡುಬೀದಿ ನಾರಾಯಣ’, ‘ಭ್ರಷ್ಟಾಚಾರ’, ‘ಕಪಿಮುಷ್ಟಿ’ ಮೊದಲಾದುವು ಆ ಮಂಡಲಿಯ ನಾಟಕಗಳು. ಎಲ್ಲಕ್ಕಿಂತಲೂ ಹೆಸರಾದದ್ದು ‘ಲಂಚಾವತಾರ’. ಅದರ ಪ್ರಯೋಗಗಳು ಹತ್ತು ಸಾವಿರವನ್ನು ಮೀರಿದುವೆಂದು ಪ್ರತೀತಿ. ರಾಜ್ಯೋತ್ಸವ ಪ್ರಶಸ್ತಿಯೂ ಇತರ ಬಿರುದುಗಳೂ ಬಂದುವು. ಚಲಚ್ಚಿತ್ರದಲ್ಲಿಯೂ ದೂರದರ್ಶನದ ಧಾರಾವಾಹಿಗಳಲ್ಲಿಯೂ ಅವರು ಅಭಿನಯಿಸಿದರು. ಜೀವನವೃತ್ತಾಂತಕ್ಕೆ ಇಷ್ಟು ಸಾಕು.

ಅವರ ಕಲೆಯನ್ನು ತೂಗುವ ಮುನ್ನ ಅದು ಹುಟ್ಟಿದ ಸ್ಥಳವನ್ನು ನೋಡಬೇಕು. ಕಂಪನಿ ನಾಟಕವೆಂಬುದು ಒಂದೂರಿನಲ್ಲಿ ತಗಡಿನ ಕೊಟ್ಟಿಗೆ ಕಟ್ಟಿ, ತಿಂಗಳುಗಟ್ಟಲೆ ಮೊಕ್ಕಾಂ ಹೂಡಿ, ಆ ಊರಿನ ಜನ ಸಾಕೆನ್ನುವವರೆಗೆ ಆಡಿ, ಮತ್ತೊಂದೂರಿಗೆ ಗಾಡಿ ಕಟ್ಟುವ ವ್ಯಾಪಾರ. ಚಿತ್ರದುರ್ಗ ಜಿಲ್ಲೆ ಈ ವ್ಯಾಪಾರಕ್ಕೆ ಅನುಕೂಲವಾದ ನಡುದಾರಿಯಾಗಿದ್ದಿತು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಹೆದ್ದಾರಿ ಹಿರಿಯೂರು ಚಿತ್ರದುರ್ಗಗಳನ್ನು ಹಾದೇ ಹೋಗಬೇಕು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ರೈಲು ಹಾದಿಗಳು ಕೂಡುತ್ತವೆ. ದಕ್ಷಿಣದಿಂದ ಗುಬ್ಬಿಯ ಮಾದರಿಯೂ ಉತ್ತರದಿಂದ ಹುಬ್ಬಳ್ಳಿ ಗದಗಗಳ ಮಾದರಿಯೂ ಬಂದು ಸೇರುವ ಸೀಮೆಯಿದು. 1997ರವರೆಗೆ ಈ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ ಚಿಂದೋಡಿ ಮನೆತನದವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದುದು ಆಕಸ್ಮಿಕವಲ್ಲ. ಇಂತಹ ಊರುಗಳಲ್ಲಿ ಕಂಪನಿಯ ಅನ್ನ ಹುಟ್ಟುತ್ತಿದ್ದುದು ಯಾರಿಂದ? ರಾಜಪಾರ್ಟಿನವನ ಕಂಠದಿಂದ ಒಂದಿಷ್ಟು, ಸ್ತ್ರೀಪಾರ್ಟಿನ ಚೆಲುವಿನಿಂದ ಒಂದಿಷ್ಟು. ಆದರೆ ನಾಟಕವನ್ನು ಎರಡನೆಯ ಸಲ, ಮೂರನೆಯ ಸಲ ನೋಡಲು ಬರುವವನು ಬರುತ್ತಿದ್ದುದು ಹಾಸ್ಯಗಾರನಿಗಾಗಿ. ಹಾಡು ನಿನ್ನೆಯದೇ, ಮಾತು ನಿನ್ನೆಯದೇ. ಹಾಸ್ಯಗಾರನ ಮಾತು ಮಾತ್ರ ಇವತ್ತಿನದು. ಗುಬ್ಬಿ ವೀರಣ್ಣನವರು ಅಷ್ಟು ದೊಡ್ಡ ಸಂಸ್ಥೆಯ ಒಡೆಯರಾಗಿಯೂ, 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರಾಗಿಯೂ, ತಮಗಾಗಿ ಇಟ್ಟುಕೊಂಡದ್ದು ಹಾಸ್ಯದ ಪಾತ್ರಗಳನ್ನು, ‘ಸದಾರಮೆ’ಯಲ್ಲಿ ಅವರಿಗೆ ಕೀರ್ತಿ ತಂದದ್ದು ಕಳ್ಳನ ಪಾತ್ರ. ಹಾಸ್ಯಗಾರನೇ ಯಜಮಾನನಾಗುವ ಈ ಸಂಪ್ರದಾಯದ ಕೊನೆಯ ದೊಡ್ಡ ಹೆಸರು ಹಿರಣ್ಣಯ್ಯನವರದು. ಅವರಲ್ಲಿ ಆದ ವಿಶೇಷವೇನೆಂದರೆ, ಹಾಸ್ಯಗಾರನು ನಾಟಕದ ಒಂದು ಮೂಲೆಯಿಂದ ಹೊರಟು ನಾಟಕವನ್ನೆಲ್ಲ ಆಕ್ರಮಿಸಿದನು. ಇದನ್ನೇ ವಿದ್ವಾಂಸರು ಭಾಷಣವೆಂದು ಕರೆದರು.

ಈಗ ಲಕ್ಷಣದ ಮಾತಿಗೆ ಬರೋಣ. ಭರತಮುನಿಯು ಹಾಸ್ಯರಸಕ್ಕೆ ವಿಭಾವಗಳನ್ನು ಹೇಳುವಾಗ ವಿಕೃತವಾದ ವೇಷ, ವಿಕೃತವಾದ ಅಲಂಕಾರ, ಧಾರ್ಷ್ಟ್ಯ, ಲೌಲ್ಯ, ಅಸತ್ಪ್ರಲಾಪ ಮುಂತಾದುವನ್ನು ಎಣಿಸಿ, ದೋಷೋದಾಹರಣವನ್ನೂ ಸೇರಿಸುತ್ತಾನೆ. ದೋಷೋದಾಹರಣವೆಂದರೆ ತಪ್ಪನ್ನು ಎತ್ತಿ ತೋರಿಸುವುದು. ಕಂಪನಿಯ ಹಾಸ್ಯವು ಬಹುಮಟ್ಟಿಗೆ ಮೊದಲ ವಿಭಾವಗಳಲ್ಲಿಯೇ ನಿಂತಿದ್ದಿತು: ಉಬ್ಬಿದ ಹೊಟ್ಟೆ, ಜಾರುವ ಪಂಚೆ, ತೊದಲು ಮಾತು, ಹೆಂಡತಿಗೆ ಹೆದರುವ ಗಂಡ. ಹಿರಣ್ಣಯ್ಯನವರು ವೇಷವನ್ನು ಬಹುಮಟ್ಟಿಗೆ ಕೈಬಿಟ್ಟು ದೋಷೋದಾಹರಣವನ್ನೇ ಕೈಹಿಡಿದರು. ಅದಕ್ಕೆ ಅವರಿಗೆ ವೇಷ ಬೇಕಾಗಲಿಲ್ಲ, ಪರದೆ ಬೇಕಾಗಲಿಲ್ಲ, ನಾಲಿಗೆಯೊಂದು ಸಾಕಾಯಿತು.

ನಾಲಿಗೆಯೊಂದರಿಂದ ನಡೆಯುವ ರೂಪಕವು ಸಂಸ್ಕೃತದವರಿಗೆ ಹೊಸದಲ್ಲ. ದಶರೂಪಕಗಳಲ್ಲಿ ಭಾಣವೆಂಬುದೊಂದುಂಟು. ಅದರಲ್ಲಿ ಒಬ್ಬನೇ ಪಾತ್ರಧಾರಿ, ವಿಟ. ಅವನು ಬೀದಿಯಲ್ಲಿ ನಡೆಯುತ್ತ, ಕಾಣದವರನ್ನು ಕಂಡಂತೆ ಮಾತನಾಡಿಸುತ್ತ, ಅವರ ಉತ್ತರವನ್ನು ತಾನೇ ಆಕಾಶಭಾಷಿತವಾಗಿ ಹೇಳಿಕೊಳ್ಳುತ್ತ, ಊರಿನ ಧೂರ್ತರ ಚರಿತ್ರೆಯನ್ನೆಲ್ಲ ಬಿಚ್ಚಿಡುತ್ತಾನೆ. 1922ರಲ್ಲಿ ಅಚ್ಚಾಗಿ ಬೆಳಕಿಗೆ ಬಂದ ‘ಚತುರ್ಭಾಣಿ’ಯ ನಾಲ್ಕು ಭಾಣಗಳನ್ನು ಓದಿದವರು, ಸನ್ಯಾಸಿ, ವೈಯಾಕರಣ, ಅಧಿಕಾರಿಯ ಮಗ ಇವರಾರೂ ಆ ವಿಟನ ಬಾಯಿಂದ ತಪ್ಪಿಸಿಕೊಳ್ಳುವುದಿಲ್ಲವೆಂಬುದನ್ನು ಬಲ್ಲರು. ಅಲ್ಲಿಯೂ ಕಥೆ ಇರುವುದು ಹೆಸರಿಗೆ ಮಾತ್ರ. ‘ಲಂಚಾವತಾರ’ವನ್ನು ನಾಟಕವೆಂಬ ಲಕ್ಷಣದಿಂದ ಅಳೆದರೆ ಅದು ಸೋಲುತ್ತದೆ, ಪ್ರಹಸನದ ಒಳಗೆ ಅಡಗಿದ ಭಾಣವೆಂದು ನೋಡಿದರೆ ಅದಕ್ಕೊಂದು ಕುಲವೂ ಗೋತ್ರವೂ ಸಿಕ್ಕುತ್ತದೆ. ವಿಷಯದ ಮಟ್ಟಿಗೂ ಅಷ್ಟೆ. ಅರ್ಥಶಾಸ್ತ್ರಕಾರನು ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ಉಪಾಯಗಳನ್ನು ನಲವತ್ತೆಂದು ಎಣಿಸಿಟ್ಟಿದ್ದಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ‘ನರ್ಮಮಾಲೆ’ಯನ್ನು ಬರೆದುದೇ ಲೇಖನಿಯಿಂದ ಸುಲಿಯುವ ಕಾಯಸ್ಥರನ್ನು ಹಾಸ್ಯಮಾಡುವುದಕ್ಕೆ. ಲಂಚವನ್ನು ಕುರಿತ ನಗೆಯು ಕಾವ್ಯಕ್ಕೆ ಕೀಳಾದ ವಸ್ತುವೆಂದು ಹೇಳುವವರು ಕ್ಷೇಮೇಂದ್ರನನ್ನು ಓದಿಲ್ಲವೆಂದೇ ತಿಳಿಯಬೇಕು.

ಇದಕ್ಕೂ ಹತ್ತಿರದ ಸಾದೃಶ್ಯವು ಕೇರಳದಲ್ಲಿದೆ. ಅಲ್ಲಿಯ ದೇವಾಲಯಗಳ ಕೂತ್ತಂಬಲದಲ್ಲಿ ಚಾಕ್ಯಾರನು ವಿದೂಷಕನಾಗಿ ನಿಂತು ಪುರಾಣಕಥೆಯನ್ನು ಹೇಳುತ್ತ ನಡುವೆ ಎದುರಿಗೆ ಕುಳಿತವರನ್ನೇ ಹಿಡಿದು ಮೂದಲಿಸಬಹುದು; ಮುಂದೆ ಕುಳಿತವನು ಅರಸನಾದರೂ ಎದ್ದು ಉತ್ತರ ಕೊಡತಕ್ಕದ್ದಲ್ಲ. ಚಿತ್ರದುರ್ಗದ ಸೀಮೆಯವರು ಅಷ್ಟು ದೂರಕ್ಕೆ ಹೋಗಬೇಕಾಗಿಲ್ಲ. ಮೂಡಲಪಾಯದ ಬಯಲಾಟವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರಿಗೆ ಸಾರಥಿಯ ಪರಿಚಯವಿದ್ದೇ ಇರುತ್ತದೆ. ಕಿರೀಟ ಭುಜಕೀರ್ತಿಗಳನ್ನು ಹೊತ್ತು ಬಂದ ರಾಜನನ್ನು ನೀನು ಯಾರಪ್ಪಾ ಎಂದು ಕೇಳುವ ಹಕ್ಕು ಅವನದು. ಆ ಪ್ರಶ್ನೆಯ ನೆಪದಲ್ಲಿ ಅವನು ಊರಿನ ಗೌಡನನ್ನೂ ಶಾನುಭೋಗನನ್ನೂ ಎಳೆತಂದರೆ ಯಾರೂ ಮುನಿಯುತ್ತಿರಲಿಲ್ಲ. ಮುನಿದವನನ್ನು ಕಂಡು ಮತ್ತಷ್ಟು ನಗುತ್ತಿದ್ದರು. ಹಿರಣ್ಣಯ್ಯನವರು ವೇದಿಕೆಯ ಮೇಲಿಂದ ಮಂತ್ರಿಗಳ ಹೆಸರನ್ನು ಹಿಡಿದೇ ಮಾತನಾಡಿದಾಗ ಪೇಟೆಯ ಪ್ರೇಕ್ಷಕರಿಗೆ ಅದು ಅಪೂರ್ವ ಸಾಹಸವೆಂದು ತೋರಿತು. ಸಾಹಸವೇನೋ ಅಹುದು. 1876ರಲ್ಲಿ ಆಂಗ್ಲ ಸರ್ಕಾರವು ಮಾಡಿದ ನಾಟಕಪ್ರದರ್ಶನ ಶಾಸನವು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷಗಳವರೆಗೂ ಪುಸ್ತಕದಲ್ಲಿ ಉಳಿದೇ ಇದ್ದು, 2018ರಲ್ಲಷ್ಟೇ ರದ್ದಾಯಿತು. ಆದರೆ ಅಪೂರ್ವವಲ್ಲ. ಸಾರಥಿಯ ಹಕ್ಕನ್ನು ಅವರು ತಗಡಿನ ಕೊಟ್ಟಿಗೆಯೊಳಕ್ಕೆ ತಂದರು, ಅಷ್ಟೆ. ಅದನ್ನು ತರುವುದಕ್ಕೆ ಎದೆ ಬೇಕಾಗಿತ್ತು ಎಂಬುದು ಬೇರೆಯ ಮಾತು.

ಇಷ್ಟರಿಂದ ಆಕ್ಷೇಪವು ಪೂರ್ತಿಯಾಗಿ ಬಿದ್ದುಹೋಯಿತೆಂದು ತಿಳಿಯಬಾರದು. ಕುಲಗೋತ್ರ ಇದ್ದ ಮಾತ್ರಕ್ಕೆ ಕೃತಿ ಉತ್ತಮವಾಗುವುದಿಲ್ಲ. ಭಾಣದಲ್ಲಿಯೂ ಒಳ್ಳೆಯದು ಕೆಟ್ಟದ್ದು ಉಂಟು. ಹಿರಣ್ಣಯ್ಯನವರಲ್ಲಿ ಉತ್ತಮವಾದದ್ದು ಯಾವುದು, ಸಡಿಲವಾದದ್ದು ಯಾವುದು ಎಂಬುದನ್ನು ಬೇರ್ಪಡಿಸದೆ ಹೊಗಳುವುದು ಅವರಿಗೇ ಅನ್ಯಾಯ.

ಉಳಿದಿರುವ ಧ್ವನಿಸುರುಳಿಗಳನ್ನೂ ದೃಶ್ಯಮುದ್ರಣಗಳನ್ನೂ ಕಿವಿಗೊಟ್ಟು ಕೇಳಿದರೆ ಅವರ ಮಾತಿನ ರಚನೆ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಮೊದಲು ಕಾಣುವುದು ವೇಗ. ಉಸಿರು ತೆಗೆದುಕೊಳ್ಳದೆ ವಾಕ್ಯದ ಮೇಲೆ ವಾಕ್ಯವನ್ನು ಪೇರಿಸಿಕೊಂಡು ಹೋಗುತ್ತಾರೆ. ಕೇಳುವವನು ಹಿಂದಿನ ಮಾತಿಗೆ ನಗಬೇಕೆನ್ನುವಷ್ಟರಲ್ಲಿ ಮುಂದಿನ ಮಾತು ಬಂದುಬಿಡುತ್ತದೆ. ಸಾಧಾರಣ ಹಾಸ್ಯಗಾರನು ನಗೆಗಾಗಿ ನಿಂತು ಕಾಯುತ್ತಾನೆ, ಇವರು ಕಾಯುವುದಿಲ್ಲ. ಆದುದರಿಂದ ನಗೆಯು ಬಿಡಿಬಿಡಿಯಾಗಿ ಬಾರದೆ ಒಟ್ಟುಗೂಡಿ, ಕಟ್ಟೆಯೊಡೆದ ಕೆರೆಯಂತೆ ಒಂದೇ ಸಲಕ್ಕೆ ನುಗ್ಗುತ್ತದೆ. ಎರಡನೆಯದು ಭಾಷೆ. ಅದು ಮೈಸೂರಿನ ಅಗ್ರಹಾರದ ಮನೆಮಾತು; ಅದರೊಳಗೆ ಕಛೇರಿಯ ಪಾರಸಿ ಮಾತುಗಳು, ಸಂಸ್ಕೃತದ ತುಣುಕುಗಳು, ಸಂತೆಯ ಬೈಗುಳು ಎಲ್ಲವೂ ಒಂದೇ ಉಸಿರಿನಲ್ಲಿ ಬೆರೆಯುತ್ತವೆ. ನಾಟಕದ ಹೆಸರನ್ನೇ ನೋಡಬಹುದು. ದಶಾವತಾರಗಳ ಸಾಲಿಗೆ ಲಂಚವನ್ನೂ ಒಂದು ಅವತಾರವನ್ನಾಗಿ ಸೇರಿಸಿದಾಗ, ಹಿಂದಿನ ಅವತಾರಗಳು ಧರ್ಮಸಂಸ್ಥಾಪನೆಗಾಗಿ ಬಂದವೆಂಬ ನೆನಪೇ ನಗೆಗೆ ಬೀಜವಾಗುತ್ತದೆ. ಒಂದು ಸಮಾಸದಲ್ಲಿ ಇಷ್ಟನ್ನು ಅಡಗಿಸುವುದು ಶಬ್ದಜ್ಞಾನವಿಲ್ಲದವರ ಕೆಲಸವಲ್ಲ.

ಮೂರನೆಯದೇ ಮುಖ್ಯವಾದದ್ದು. ನಾಟಕಗಳ ಉತ್ತಮವಾದ ಭಾಗಗಳಲ್ಲಿ ಮಾತು ಮೇಲಕ್ಕೆ ಏರುವುದು ಹೇಗೋ ಕೆಳಕ್ಕೆ ತಿರುಗುವುದೂ ಹಾಗೆಯೇ. ಜವಾನನಿಂದ ಗುಮಾಸ್ತೆಗೆ, ಗುಮಾಸ್ತೆಯಿಂದ ಸಾಹೇಬನಿಗೆ, ಸಾಹೇಬನಿಂದ ಮಂತ್ರಿಗೆ ಮೆಟ್ಟಲು ಮೆಟ್ಟಲಾಗಿ ಲಂಚವು ಏರಿಹೋಗುತ್ತದೆ. ಪ್ರೇಕ್ಷಕನು ಹಾಯಾಗಿ ನಗುತ್ತಾನೆ, ಇವರಾರೂ ತಾನಲ್ಲವಲ್ಲ! ಅಷ್ಟರಲ್ಲಿ ಮಾತು ತಟ್ಟನೆ ಸಭೆಯ ಕಡೆಗೆ ತಿರುಗುತ್ತದೆ. ಆ ಜವಾನನ ಕೈಗೆ ಮೊದಲ ನೋಟನ್ನು ಇಟ್ಟವನು ಯಾರು? ಸಾಲಿನಲ್ಲಿ ಹತ್ತು ಜನ ಮುಂದಿರುವಾಗ ಹಿತ್ತಲ ಬಾಗಿಲಿಗೆ ಹೋದವನು ಯಾರು? ಚುನಾವಣೆಯ ಹಿಂದಿನ ರಾತ್ರಿ ಕೈಯೊಡ್ಡಿದವನು ಯಾರು? ಆಗ ಬರುವ ನಗೆಯ ಧ್ವನಿಯೇ ಬೇರೆ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಭಾಗಿಸುತ್ತಾನೆ. ಶಾಸ್ತ್ರದಲ್ಲಿ ಆ ಪದಗಳ ಅರ್ಥ ತಾನು ನಗುವುದು, ಇತರರನ್ನು ನಗಿಸುವುದು ಎಂದಿರಬಹುದು. ಇಲ್ಲಿ ಅವನ್ನು ಸ್ವಲ್ಪ ತಿರುಗಿಸಿ, ತನ್ನನ್ನು ನೋಡಿ ನಗುವುದು, ಪರರನ್ನು ನೋಡಿ ನಗುವುದು ಎಂದು ಹಿಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಪರಸ್ಥದಲ್ಲಿ ಆರಂಭವಾದ ನಗೆಯನ್ನು ಪ್ರೇಕ್ಷಕನಿಗೆ ಅರಿವಾಗುವ ಮುನ್ನವೇ ಆತ್ಮಸ್ಥಕ್ಕೆ ಹೊರಳಿಸುವುದು, ಇದೇ ಹಿರಣ್ಣಯ್ಯನವರ ಪ್ರತಿಭೆ. ಲಂಚ ಕೊಡುವುದನ್ನೂ ನೇರವಾದ ಅಪರಾಧವನ್ನಾಗಿ ಮಾಡಿದ ತಿದ್ದುಪಡಿಯು ಭ್ರಷ್ಟಾಚಾರ ನಿರೋಧಕ ಶಾಸನಕ್ಕೆ ಬಂದದ್ದು 2018ರಲ್ಲಿ. ಕೊಟ್ಟವನನ್ನು ರಂಗದ ಮೇಲಿಂದ ಎಷ್ಟೋ ದಶಕಗಳ ಹಿಂದೆಯೇ ಕಟಕಟೆಗೆ ಎಳೆದುದಾಗಿತ್ತು.

ಅವರ ದೋಷವೂ ಇದೇ ಸ್ಥಳದಲ್ಲಿದೆ. ವರ್ಷಗಳು ಕಳೆದಂತೆ, ಕೀರ್ತಿ ಏರಿದಂತೆ, ಈ ಹೊರಳು ಕಡಿಮೆಯಾಗುತ್ತ ಬಂದಿತು. ಬೈಗುಳು ಉಳಿಯಿತು, ತಿರುವು ಹೋಯಿತು. ಇಂತಹ ಮುಖ್ಯಮಂತ್ರಿ ಹೀಗೆ, ಅಂತಹ ಮಂತ್ರಿ ಹಾಗೆ ಎಂಬ ಹೆಸರುಗಳ ಪಟ್ಟಿಯೇ ಹಾಸ್ಯವೆಂದು ನಡೆಯತೊಡಗಿತು. ಇದಕ್ಕೆ ಸಭೆಯಿಂದ ಬರುತ್ತಿದ್ದುದು ಚಪ್ಪಾಳೆ. ನಗೆಗೂ ಚಪ್ಪಾಳೆಗೂ ಇರುವ ಭೇದವನ್ನು ವಿಮರ್ಶಕರು ಅಷ್ಟಾಗಿ ಗಮನಿಸಿದಂತಿಲ್ಲ. ಚಪ್ಪಾಳೆಯೆಂದರೆ ಒಪ್ಪಿಗೆ, ಪ್ರೇಕ್ಷಕನು ಮೊದಲೇ ನಂಬಿದ್ದುದನ್ನು ನಟನು ಗಟ್ಟಿಯಾಗಿ ಹೇಳಿದಾಗ ಅದು ಬರುತ್ತದೆ. ನಗೆಯು ಒಪ್ಪಿಗೆಯನ್ನು ಕೇಳಿ ಬರುವುದಲ್ಲ. ಒಪ್ಪದವನನ್ನೂ ಅದು ಹಿಡಿದುಬಿಡುತ್ತದೆ. ಚಪ್ಪಾಳೆ ತಟ್ಟಿದವನು ತಾನು ನಿರ್ದೋಷಿಯೆಂಬ ಸಮಾಧಾನದೊಡನೆ ಮನೆಗೆ ಹೋಗುತ್ತಾನೆ. ಮರುದಿನ ತಾಲ್ಲೂಕು ಕಛೇರಿಯಲ್ಲಿ ಪಹಣಿಗಾಗಿ ಅವನೇ ಕಿಸೆಗೆ ಕೈಹಾಕುತ್ತಾನೆ. ಹಿಂದಿನ ರಾತ್ರಿಯ ನಾಟಕವು ಅವನಿಗೆ ಅಡ್ಡಿಯಾಗುವುದಿಲ್ಲ. ಹತ್ತು ಸಾವಿರ ಪ್ರಯೋಗಗಳಾದರೂ ಲಂಚ ನಿಲ್ಲಲಿಲ್ಲವಲ್ಲ ಎಂದು ಕೆಲವರು ನಾಟಕವನ್ನು ದೂರುವುದುಂಟು. ಅದು ಅವಿಚಾರದ ಮಾತು. ರಾಮಾಯಣವನ್ನು ಕೇಳಿ ಯಾವ ಊರಿನಲ್ಲಿ ಪರಸ್ತ್ರೀವ್ಯಾಮೋಹ ನಿಂತಿದೆ? ಲೋಕಾಯುಕ್ತರಿಂದಲೇ ಆಗದ ಕಾರ್ಯವನ್ನು ವಿದೂಷಕನಿಂದ ನಿರೀಕ್ಷಿಸಬಾರದು. ಆದರೆ ಪ್ರೇಕ್ಷಕನನ್ನು ಇರಿಯಬಲ್ಲ ಶಕ್ತಿಯಿದ್ದ ಕಲಾವಿದನು ಅವನ ಬೆನ್ನು ತಟ್ಟುವುದರಲ್ಲಿ ತೃಪ್ತನಾದನೆಂಬ ದೂರು ನ್ಯಾಯವಾದದ್ದು. ‘ಭಾಷಣ’ವೆಂಬ ಆಕ್ಷೇಪವು ಈ ಭಾಗಗಳ ಮಟ್ಟಿಗೆ ನಿಲ್ಲುತ್ತದೆ, ಮೊದಲಿನ ಭಾಗಗಳ ಮಟ್ಟಿಗೆ ನಿಲ್ಲುವುದಿಲ್ಲ.

ಇನ್ನೊಂದು ಕೊರತೆಯನ್ನೂ ಹೇಳಿಬಿಡಬೇಕು. ಯಜಮಾನನ ನಾಲಿಗೆಯೊಂದೇ ನಾಟಕವಾದಾಗ ಉಳಿದ ನಟರು ಆ ನಾಲಿಗೆಗೆ ಒತ್ತಾಸೆಯ ಕಂಬಗಳಾಗುತ್ತಾರೆ. ಸ್ತ್ರೀಪಾತ್ರಗಳಿಗಂತೂ ಬರುವುದು, ಒಂದು ಪ್ರಶ್ನೆ ಕೇಳುವುದು, ಕೇಳಿ ನಿಲ್ಲುವುದು ಇಷ್ಟೇ ಕೆಲಸ. ಭಾಣದಲ್ಲಿ ಒಬ್ಬನೇ ಇರುವುದರಿಂದ ಈ ಅನ್ಯಾಯಕ್ಕೆ ಅವಕಾಶವಿಲ್ಲ; ಭಾಣವು ನಾಟಕದ ವೇಷ ಹಾಕಿಕೊಂಡಾಗ ಇದು ತಪ್ಪದು.

ಇದೇ ವಸ್ತುವನ್ನು ಬೇರೊಂದು ರೀತಿಯಿಂದ ಹಿಡಿದ ನಟರೊಬ್ಬರನ್ನು ಇಲ್ಲಿ ಹೋಲಿಸಿ ನೋಡಬಹುದು. ಬೆಂಗಳೂರಿನ ಕಲಾಗಂಗೋತ್ರಿ ತಂಡವು 1980ರಲ್ಲಿ ‘ಮುಖ್ಯಮಂತ್ರಿ’ ಎಂಬ ನಾಟಕವನ್ನು ಆಡಿತು. ಹಿಂದಿಯಲ್ಲಿ ರಣಜಿತ್ ಕಪೂರರದು, ಕನ್ನಡಿಸಿದವರು ಟಿ.ಎಸ್. ಲೋಹಿತಾಶ್ವ, ನಿರ್ದೇಶನ ಬಿ.ವಿ. ರಾಜಾರಾಂ ಅವರದು. ಅದರ ನಾಯಕಪಾತ್ರವನ್ನು ವಹಿಸಿದ ಚಂದ್ರು ಅವರಿಗೆ ಪಾತ್ರದ ಹೆಸರೇ ಮನೆತನದ ಹೆಸರಾಯಿತು. (1985ರಲ್ಲಿ ಗೌರಿಬಿದನೂರಿನಿಂದ ಅವರು ನಿಜವಾಗಿಯೂ ವಿಧಾನಸಭೆಗೆ ಹೋದರು. ಮುಖ್ಯಮಂತ್ರಿಯಾಗಲಿಲ್ಲ, ರಂಗದ ಮೇಲೆ ಅಷ್ಟು ಸಲ ಆದವರಿಗೆ ಅದರ ಹಂಬಲ ಉಳಿದಿರಲಾರದು.) ಅಲ್ಲಿ ಅಧಿಕಾರದಲ್ಲಿರುವವನೇ ನಾಯಕ. ತನ್ನ ಕುರ್ಚಿಯನ್ನು ಉಳಿಸಿಕೊಳ್ಳಲು ಅವನು ಹೆಣೆಯುವ ತಂತ್ರಗಳನ್ನು ಪ್ರೇಕ್ಷಕನು ಒಳಗಿನಿಂದ ನೋಡುತ್ತಾನೆ. ನೋಡುತ್ತ ನೋಡುತ್ತ ಅವನ ಜಾಣತನಕ್ಕೆ ಮರುಳಾಗಿ, ಅವನು ಗೆದ್ದರೆ ಸಾಕೆಂದು ತಾನೇ ಬಯಸತೊಡಗುತ್ತಾನೆ. ನಗೆ ಬರುತ್ತದೆ, ಅದರ ಜೊತೆಯಲ್ಲಿಯೇ ನಾಚಿಕೆಯೂ ಬರುತ್ತದೆ. ಬರೆದ ಮಾತನ್ನು ಬಿಟ್ಟು ನಟನು ಹೊರಗೆ ಹೋಗಬೇಕಾಗಿಲ್ಲ. ಹಿರಣ್ಣಯ್ಯನವರು ಮಾತನ್ನು ಹರಿಯಬಿಟ್ಟು ಸಾಧಿಸಿದ ಹೊರಳನ್ನು ಇದು ಕಥೆಯ ಬಂಧದಿಂದ ಸಾಧಿಸುತ್ತದೆ. ಎರಡೂ ಬೇಕಾದ ದಾರಿಗಳೇ. ಆದರೆ ಒಂದು ವ್ಯತ್ಯಾಸವುಂಟು: ‘ಮುಖ್ಯಮಂತ್ರಿ’ಯ ಪಠ್ಯ ಉಳಿದಿದೆ, ನಾಳೆ ಇನ್ನೊಬ್ಬ ನಟನು ಅದನ್ನು ಆಡಬಹುದು. ‘ಲಂಚಾವತಾರ’ದ ಪಠ್ಯವನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ಅವನಿಗೆ ಸಿಕ್ಕುವುದು ಹಂದರ, ಬಳ್ಳಿಯಲ್ಲ.

ದೂರದರ್ಶನದ ಮಾತು ಬರುವುದು ಇಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾದ ಮೇಲೆ, ಅನಂತರ ಖಾಸಗಿ ವಾಹಿನಿಗಳು ಬಂದ ಮೇಲೆ, ಕಂಪನಿಯ ಹಾಸ್ಯಗಾರನ ಪ್ರೇಕ್ಷಕರು ಕೊಟ್ಟಿಗೆಯನ್ನು ಬಿಟ್ಟು ತಂತಮ್ಮ ಪಡಸಾಲೆಗೆ ಹೋಗಿ ಕುಳಿತರು. ಹಿರಣ್ಣಯ್ಯನವರೂ ಅವರನ್ನು ಹಿಂಬಾಲಿಸಿ ಕಿರುತೆರೆಗೆ ಹೋದರು. ಧಾರಾವಾಹಿಗಳಲ್ಲಿ ಅವರ ಅಭಿನಯ ಹದವಾದದ್ದು, ಮಾತು ಶುದ್ಧ, ವೃದ್ಧ ಪಾತ್ರಗಳಿಗೆ ಬೇಕಾದ ಗಾಂಭೀರ್ಯವೂ ಇದ್ದಿತು. ಆದರೆ ಅದು ಹಿರಣ್ಣಯ್ಯನಲ್ಲ. ಯಂತ್ರದ ಕಣ್ಣಿಗೆ ಮುಖ ಕಾಣುತ್ತದೆ, ಸಭೆ ಕಾಣುವುದಿಲ್ಲ. ಯಾರನ್ನು ನೋಡಿ ಮಾತನ್ನು ಹೊರಳಿಸಬೇಕೋ ಅವನು ಅಲ್ಲಿಲ್ಲ. ಅವನ ಬದಲಿಗೆ ಮುದ್ರಿಸಿಟ್ಟ ನಗೆಯನ್ನು ಅಲ್ಲಲ್ಲಿ ಹಾಕುವ ಪದ್ಧತಿಯೂ ಬಂದಿತು. ಯಾವ ಮಾತಿಗೆ ನಗಬೇಕೆಂಬುದನ್ನು ಪ್ರೇಕ್ಷಕನಿಗೆ ಹೇಳಿಕೊಡುವ ಈ ಏರ್ಪಾಟು, ಊಟಕ್ಕೆ ಕುಳಿತವನ ಪರವಾಗಿ ಬಡಿಸುವವನೇ ತೇಗಿದಂತೆ.

ಹೀಗೆಂದು ಕಿರುತೆರೆಯ ಹಾಸ್ಯವನ್ನೆಲ್ಲ ತಳ್ಳಿಹಾಕುವುದು ಸರಿಯಲ್ಲ. ಈ ಶತಮಾನದ ಆರಂಭದಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಬಂದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಮೊದಲಾದ ಧಾರಾವಾಹಿಗಳು ಮನೆಮಂದಿಯೆಲ್ಲ ಕೂತು ನೋಡುವಂಥ ನಗೆಯನ್ನು ಕೊಟ್ಟುವು. ಬೈಗುಳಿಲ್ಲದೆ, ದ್ವ್ಯರ್ಥದ ಕೊಳಕಿಲ್ಲದೆ ಬಹುಕಾಲ ನಗಿಸುವುದು ಸಣ್ಣ ಕೆಲಸವಲ್ಲ. ಆಲಂಕಾರಿಕರು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೂ ಕೊನೆಯೆರಡನ್ನು ಅಧಮರಿಗೂ ಹಂಚಿದ್ದಾರೆ. ಹಲ್ಲು ಕಾಣದ ಸ್ಮಿತಕ್ಕೆ ತಕ್ಕ ಸ್ಥಳ ಕಿರುತೆರೆಯೇ ಸರಿ. ಹುಬ್ಬಿನ ಒಂದು ಚಲನೆಯನ್ನು ಕೊಟ್ಟಿಗೆಯ ಹಿಂದಿನ ಸಾಲಿಗೆ ಮುಟ್ಟಿಸುವುದು ಯಾವ ನಟನಿಗೂ ಸಾಧ್ಯವಿಲ್ಲ. ಆದರೆ ಸಾವಿರ ಜನ ಒಟ್ಟಿಗೆ ಕುಳಿತು, ಪಕ್ಕದವನು ನಕ್ಕದ್ದನ್ನು ಕಂಡು ತಾನೂ ನಕ್ಕು, ತಾನು ನಕ್ಕದ್ದನ್ನು ಪಕ್ಕದವನು ಕಂಡನಲ್ಲಾ ಎಂದು ಸ್ವಲ್ಪ ಅಳುಕುವ ನಗೆಯೊಂದುಂಟು. ಅದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ, ಪಡಸಾಲೆಯಲ್ಲಿ ಅವಕಾಶವಿಲ್ಲ. ಕಂಪನಿಯ ನಟ ಎಂ.ವಿ. ಸುಬ್ಬಯ್ಯನಾಯ್ಡು, ಅವರ ಮಗ ಲೋಕೇಶ್, ಅವರ ಮಗ ಸೃಜನ್ ಎಂಬ ಮೂರು ತಲೆಮಾರಿನವರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಕೊಟ್ಟಿಗೆಯಿಂದ ಚಲಚ್ಚಿತ್ರಕ್ಕೆ, ಚಲಚ್ಚಿತ್ರದಿಂದ ಕಿರುತೆರೆಗೆ ಪ್ರತಿಭೆಯು ನಡೆದುಬಂದ ದಾರಿ ಕಾಣುತ್ತದೆ. ಸೃಜನ್ ಅವರ ‘ಮಜಾ ಟಾಕೀಸ್’ನಲ್ಲಿ ಪ್ರೇಕ್ಷಕರನ್ನೇ ಕರೆತಂದು ಎದುರಿಗೆ ಕೂರಿಸಿದುದು, ಕಳೆದುಕೊಂಡದ್ದು ಏನೆಂಬುದನ್ನು ಕಿರುತೆರೆಯವರೇ ಅರಿತಿದ್ದಕ್ಕೆ ಸಾಕ್ಷಿ.

ಚಿತ್ರದುರ್ಗ ಜಿಲ್ಲೆಯಲ್ಲಿ ರಂಗಭೂಮಿಗೆ ಇಂದು ಆಸರೆಯಾಗಿರುವುದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಪ್ರೇರಣೆಯಿಂದ 1997ರಲ್ಲಿ ಆರಂಭವಾದ ಶಿವಸಂಚಾರವು ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿ ನಾಡಿನ ಊರೂರಿಗೆ ಒಯ್ಯುತ್ತದೆ. ಕಂಪನಿಗಳು ಬಿಟ್ಟುಹೋದ ದಾರಿಯಲ್ಲಿ ಮತ್ತೆ ನಾಟಕದ ಗಾಡಿ ಓಡುವಂತೆ ಮಾಡಿದ ಕೀರ್ತಿ ಅದಕ್ಕೆ ಸಲ್ಲಬೇಕು. ಅಲ್ಲಿಯ ಬಯಲು ರಂಗಮಂದಿರದ ಮೆಟ್ಟಲುಗಳ ಮೇಲೆ ರೈತರೂ ಮಕ್ಕಳೂ ತುಂಬಿ ಕುಳಿತಿರುವುದನ್ನು ಕಂಡವರು ನಾಟಕಕ್ಕೆ ಜನರಿಲ್ಲವೆಂದು ಹೇಳಲಾರರು. ಶಿವಸಂಚಾರದ ನಟರು ಪಠ್ಯನಿಷ್ಠರು, ಶಿಕ್ಷಿತರು, ನಿರ್ದೇಶಕರ ಅಂಕೆಯಲ್ಲಿರುವವರು. ಇದೊಂದು ಗುಣ. 3 ತಿಂಗಳ ಹಿಂದೆ ಕಲಿತ ಮಾತು ಹಿರಿಯೂರಿನಲ್ಲಿಯೂ ಹೊಳಲ್ಕೆರೆಯಲ್ಲಿಯೂ ಒಂದೇ ಆಗಿರುತ್ತದೆ. ಹಿರಿಯೂರಿನ ಮಾತು ಹೊಳಲ್ಕೆರೆಯಲ್ಲಿ ಬೇರೆಯಾಗುತ್ತಿದ್ದುದು ಹಾಸ್ಯಗಾರನಿಂದ. ಅವನಿಗೆ ಈ ಏರ್ಪಾಟಿನಲ್ಲಿ ಸ್ಥಳವಿಲ್ಲ. ಸ್ಥಳ ಮಾಡಿಕೊಡಬೇಕೆಂದರೆ ಅವನ ಬಾಯಿಂದ ಮಠಕ್ಕೂ ಊರಿನ ಮುಖಂಡರಿಗೂ ಎರಡು ಮಾತು ಬಿದ್ದಾವೆಂಬುದಕ್ಕೆ ಸಿದ್ಧರಿರಬೇಕು. ಸಾರಥಿಯನ್ನು ಸಹಿಸಿದ ಸೀಮೆಗೆ ಅದು ಹೊಸದಾಗಲಾರದು.

ಹಿರಣ್ಣಯ್ಯನವರ ನಾಟಕಗಳ ವಿಷಯದಲ್ಲಿ ಆಗಬೇಕಾದ ಕೆಲಸ ಇನ್ನೂ ಉಳಿದಿದೆ. ಒಂದೇ ನಾಟಕದ ಬೇರೆ ಬೇರೆ ಕಾಲದ ಮುದ್ರಣಗಳನ್ನು ಒಂದೆಡೆ ಕೂಡಿಸಿ, ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸುವಂತೆ, ಯಾವ ವರ್ಷದ ಪ್ರಯೋಗದಲ್ಲಿ ಎಲ್ಲಿ ಮಾತು ಪಠ್ಯವನ್ನು ಬಿಟ್ಟಿತು, ಎಲ್ಲಿ ಮರಳಿ ಸೇರಿತು, ಯಾವ ಮಾತಿಗೆ ನಗೆ, ಯಾವುದಕ್ಕೆ ಚಪ್ಪಾಳೆ ಎಂಬುದನ್ನು ಗುರುತು ಹಾಕಬೇಕು. ಅವರ ಪುತ್ರ ಬಾಬು ಹಿರಣ್ಣಯ್ಯನವರೂ ನಟರೇ. ಮಂಡಲಿಯಲ್ಲಿ ಜೊತೆಗೆ ನಿಂತು ಆಡಿದ ಹಿರಿಯ ನಟರೂ ಕೆಲವರಿದ್ದಾರೆ. ಯಜಮಾನರು ಮಾತನ್ನು ಬಿಟ್ಟು ಹೊರಟಾಗ ಅವರು ಮರಳಿ ಬರುವವರೆಗೆ ಕಾದುಕೊಂಡು, ಬಂದೊಡನೆ ಸರಿಯಾದ ಎತ್ತುಗಡೆ ಕೊಡುತ್ತಿದ್ದವರು ಇವರು. ಆ ಮರಳುವಿಕೆಯ ಸೂಚನೆ ಯಾವುದಾಗಿದ್ದಿತು, ಧ್ವನಿಯ ಇಳಿತವೇ, ಕೈಯ ಸನ್ನೆಯೇ, ಒಂದು ಗೊತ್ತಾದ ಪದವೇ ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಇನ್ನೂ ಸಮಯವಿದೆ.